ಮಸುಕು ಗೆರೆ

"ಕಿಟ್ ಮನೆಗೇ ಕಳಿಸ್ತಾರಂತೆ, ರಕ್ತ ನಾವೇ ತೆಗೀಬೇಕಂತೆ. ಸೇರಲಾ? ನನಗೇನು ಸಿಗುತ್ತೆ?" ಅಂತ ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಏನೂ ಸಿಗಲ್ಲ, ಆದ್ರೂ ಸೇರು ಅಂದೆ. ಯಾಕೆ ಅಂತ ಆಗ ಸರಿಯಾಗಿ ಹೇಳಕ್ಕಾಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

2020ರ ಜೂನ್. ಆಗ ನಾನು ಲಂಡನ್ನಿನಲ್ಲಿದ್ದೆ. ಇಂಪೀರಿಯಲ್ ಕಾಲೇಜಿನವರ ರಿಯಾಕ್ಟ್-2 ಅಧ್ಯಯನಕ್ಕೆ ಸೇರ್ತೀರಾ ಅಂತ ಕಾಗದ ಬಂತು. ಇಂಗ್ಲೆಂಡಿನಲ್ಲಿ ಎಷ್ಟು ಜನರಿಗೆ ಕೊರೊನಾ ಬಂದು ಹೋಗಿದೆ ಅಂತ ಆಂಟಿಬಾಡಿ ನೋಡಿ ಅಂದಾಜು ಮಾಡೋ ಕೆಲಸ. ನಾನು ಹೂಂ ಅಂದಿದ್ದು ಸಮಾಜಸೇವೆಗೇನಲ್ಲ. ಮಾರ್ಚಲ್ಲಿ ನಾಲ್ಕು ದಿನ ಜ್ವರ ಬಂದಿತ್ತು, ಟೆಸ್ಟ್ ಸಿಕ್ಕಿರಲಿಲ್ಲ. ಅದು ಅದೇನಾ ಅಂತ ತಿಳೀಬೇಕಿತ್ತು. "ಬಂದು ಹೋಗಿದ್ರೆ ಒಳ್ಳೇದೇ ಆಯ್ತು ಬಿಡು, ಇನ್ನು ಬರಲ್ಲ" ಅಂತ ಊರಿಂದ ಅಮ್ಮ ಬೇರೆ.

ಒಂದು ಹನಿ ರಕ್ತ ಬರಿಸೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಬಿಸಿನೀರಲ್ಲಿ ಕೈ ಅದ್ದಿ ಎರಡನೇ ಸಲ ಚುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಮಸುಕು ಗೆರೆ. ಲೈಟ್ ಕೆಳಗೆ ಹಿಡಿದ್ರೆ ಇದೆ, ಕಿಟಕಿ ಹತ್ರ ಇಲ್ಲ. ರೂಮ್‌ಮೇಟ್ "ಇಲ್ಲ ಮಾರಾಯ" ಅಂದ. ನಾನು 'ಇದೆ' ಅಂತಲೇ ತುಂಬಿಸಿ ಫೋಟೋನೂ ಕಳಿಸಿದೆ. ಕೆಳಗಿನ ಮನೆ ಅಜ್ಜಿಗೆ ಸಾಮಾನು ತಂದು ಬಾಗಿಲ ಹೊರಗಿಟ್ಟು ಬರ್ತಿದ್ದವನು, ಆ ವಾರ ಒಳಗೆ ಹೋಗಿ ಟೀ ಕುಡಿದು ಬಂದೆ.

ಈ ಫಲಿತಾಂಶ ನಂಬಿಕೊಂಡು ಎಚ್ಚರಿಕೆ ಬಿಡಬೇಡಿ ಅಂತ ಕಾಗದದಲ್ಲೇ ಇತ್ತು. ನಾನು ಓದಿರಲಿಲ್ಲ. 'ಐ ಅಗ್ರೀ' ಒತ್ತಿ ಒತ್ತಿ ಅಭ್ಯಾಸ ನೋಡಿ :) ರೂಮ್‌ಮೇಟ್ ಓದಿ ಹೇಳಿದ ಮೇಲೆ ಹೊಟ್ಟೆಯಲ್ಲಿ ಏನೋ ಆಯ್ತು.

ಅಂಕಿಅಂಶ ಆಮೇಲೆ ಬಂತು. ಆಂಟಿಬಾಡಿ ಇದ್ದವರಲ್ಲಿ ಶೇ. 84 ಜನರನ್ನ ಆ ಟೆಸ್ಟ್ ಹಿಡೀತಿತ್ತು. ಇಲ್ಲದವರಲ್ಲೂ ಶೇ. 1.4 ಜನರಿಗೆ ಗೆರೆ ತೋರಿಸ್ತಿತ್ತು. ದೇಶದಲ್ಲಿ ಆಂಟಿಬಾಡಿ ಇದ್ದವರು ಸುಮಾರು ಶೇ. 6. ಸಾವಿರ ಜನ ತಗೊಳ್ಳಿ. 60 ಜನರಲ್ಲಿ 50 ಮಂದಿಗೆ ನಿಜವಾದ ಗೆರೆ, ಉಳಿದ 940ರಲ್ಲಿ 13 ಮಂದಿಗೆ ಸುಳ್ಳು ಗೆರೆ. ಅಂದ್ರೆ ಹೆಚ್ಚುಕಮ್ಮಿ ಐದಕ್ಕೊಂದು ಸುಳ್ಳು! ಲಂಡನ್ನಿನಲ್ಲಿ ಶೇ. 13 ಇದ್ದಿದ್ದರಿಂದ ನನ್ನ ಪಾಡು ವಾಸಿ, ಹತ್ತಕ್ಕೊಂದು. ಲಕ್ಷ ಜನರ ಲೆಕ್ಕದಲ್ಲಿ ಈ ತಪ್ಪನ್ನ ಕಳೆದು ಸರಿ ಮಾಡಬಹುದು. ನನ್ನೊಬ್ಬನ ಗೆರೆಯಲ್ಲಿ ಏನನ್ನ ಕಳೆಯೋದು?

ಸೆಪ್ಟೆಂಬರ್ ಹೊತ್ತಿಗೆ ಆ ಶೇ. 6 ಅನ್ನೋದು 4.4ಕ್ಕೆ ಇಳಿದಿತ್ತು. ಬಂದ ಆಂಟಿಬಾಡಿ ಟೆಸ್ಟಿಗೆ ಸಿಗದಷ್ಟು ಕಮ್ಮಿಯಾಗ್ತಾ ಹೋಗುತ್ತೆ ಅಂತ ಗೊತ್ತಾಗಿದ್ದು ಮೂರೂವರೆ ಲಕ್ಷಕ್ಕೂ ಹೆಚ್ಚು ಜನ ಮನೆಯಲ್ಲಿ ಕೂತು ಬೆರಳು ಚುಚ್ಚಿಕೊಂಡಿದ್ದರಿಂದ. ಸೇರು ಅಂದಿದ್ದು ಇದಕ್ಕೇ. ನಿನ್ನ ಉತ್ತರ ಹುಡುಕ್ಕೊಂಡು ಮಾತ್ರ ಸೇರಬೇಡ.

ಅಜ್ಜಿಗೆ ಏನೂ ಆಗಲಿಲ್ಲ, ಪುಣ್ಯ. ಮುಂದಿನ ವಾರ ಸಾಮಾನು ಮತ್ತೆ ಬಾಗಿಲ ಹೊರಗೇ ಇಟ್ಟೆ. ಒಳಗೆ ಬರಲ್ವಾ ಅಂತ ಕೇಳಿದ್ರು. ಕೆಲಸ ಜಾಸ್ತಿ ಇದೆ ಅಂದೆ.