ಖಾತರಿ ಆದಾಯ: ಅಂಕಿ ಹೇಳುವುದೇನು, ನ್ಯಾಯ ಕೇಳುವುದೇನು?

ಬಡವರ ಕೈಗೆ ಯಾವ ಷರತ್ತೂ ಇಲ್ಲದೆ ತಿಂಗಳು ತಿಂಗಳು ಹಣ ಕೊಟ್ಟರೆ ಏನಾಗುತ್ತದೆ? ಅವರು ದುಡಿಮೆ ಬಿಟ್ಟು ಸೋಮಾರಿಗಳಾಗುತ್ತಾರೆ ಎಂದು ಕೆಲವರು ಆಣೆಯಿಟ್ಟು ಹೇಳುತ್ತಾರೆ. ಇಲ್ಲ, ತಲೆಯೆತ್ತಿ ಬದುಕುತ್ತಾರೆ ಎಂದು ಮತ್ತೆ ಕೆಲವರು ಅಷ್ಟೇ ಖಚಿತವಾಗಿ ವಾದಿಸುತ್ತಾರೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ದೊರೆತ ಮೇಲಂತೂ ಈ ವಾಗ್ವಾದ ನಮ್ಮ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ, ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿಯೂ ಕೇಳಿಬಂದಿದೆ. ಎರಡೂ ಪಕ್ಷದವರಲ್ಲಿ ಅಭಿಪ್ರಾಯಕ್ಕೆ ಕೊರತೆಯಿಲ್ಲ. ಆಧಾರಕ್ಕೆ ಮಾತ್ರ ಕೊರತೆ. ಆ ಆಧಾರವನ್ನು ಹುಡುಕುವುದನ್ನೇ ಕಾಯಕವಾಗಿಸಿಕೊಂಡವರು ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿದ್ದಾರೆ. ಅವರ ಕೆಲಸದ ಬಗೆಯನ್ನು ಅರಿತರೆ ನಮ್ಮ ವಾದಕ್ಕೂ ಕೊಂಚ ಸಂಯಮ ಬಂದೀತು.

ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ 2020ರಲ್ಲಿ ಖಾತರಿ ಆದಾಯದ ಸಂಶೋಧನೆಗೆಂದೇ ಒಂದು ಕೇಂದ್ರ ಸ್ಥಾಪನೆಯಾಯಿತು. ಅದನ್ನು ಕಟ್ಟಿದವರು ಏಮಿ ಕ್ಯಾಸ್ಟ್ರೊ ಮತ್ತು ಸ್ಟೇಸಿಯಾ ವೆಸ್ಟ್ ಎಂಬ ಇಬ್ಬರು ಸಮಾಜಕಾರ್ಯ ವಿದ್ವಾಂಸರು. ಇದಕ್ಕೂ ಮುನ್ನ ಅವರು ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ನಗರದ ಪ್ರಯೋಗವನ್ನು ಅಧ್ಯಯನ ಮಾಡತೊಡಗಿದ್ದರು. ಸ್ಟಾಕ್‌ಟನ್ 2012ರಲ್ಲಿ ದಿವಾಳಿಯೆದ್ದ ನಗರ. ಅಲ್ಲಿನ ತರುಣ ಮೇಯರ್ ಮೈಕೆಲ್ ಟಬ್ಸ್ ಅವರ ಮುಂದಾಳುತನದಲ್ಲಿ 2019ರ ಫೆಬ್ರವರಿಯಿಂದ ಎರಡು ವರ್ಷ ಕಾಲ 125 ಮಂದಿಗೆ ತಿಂಗಳಿಗೆ 500 ಡಾಲರ್ ನೀಡಲಾಯಿತು. ಹಣ ಬಂದದ್ದು ದಾನಿಗಳಿಂದ, ನಗರದ ಬೊಕ್ಕಸದಿಂದಲ್ಲ. ಇಂಥದಕ್ಕೇ ಖರ್ಚು ಮಾಡಬೇಕೆಂಬ ಕಟ್ಟಳೆಯಾಗಲಿ, ಕೆಲಸಕ್ಕೆ ಹೋಗಲೇಬೇಕೆಂಬ ಷರತ್ತಾಗಲಿ ಇರಲಿಲ್ಲ.

ಮೊದಲ ವರ್ಷದ ಫಲಿತಾಂಶ ಅನೇಕರ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಹಣ ಪಡೆದವರಲ್ಲಿ ಪೂರ್ಣಾವಧಿ ಉದ್ಯೋಗವಿದ್ದವರ ಪ್ರಮಾಣ ಶೇಕಡಾ 28ರಿಂದ 40ಕ್ಕೆ ಏರಿತು. ಹಣ ಪಡೆಯದೆ ಕೇವಲ ಹೋಲಿಕೆಗಾಗಿ ಗುರುತಿಸಲಾಗಿದ್ದ ಗುಂಪಿನಲ್ಲಿ ಅದು 32ರಿಂದ 37ಕ್ಕೆ ಏರಿತು. ಖರ್ಚಿನ ಬಹು ದೊಡ್ಡ ಪಾಲು ಆಹಾರಕ್ಕೆ ಹೋಗಿತ್ತು. ಮದ್ಯ ಮತ್ತು ತಂಬಾಕಿಗೆ ಹೋದದ್ದು ಶೇಕಡಾ ಒಂದಕ್ಕಿಂತ ಕಡಿಮೆ. ಇದರ ಮರ್ಮವನ್ನು ಗ್ರಹಿಸುವುದು ಕಷ್ಟವಲ್ಲ. ಗಂಟೆಗಿಷ್ಟು ಎಂಬ ಕೂಲಿಗೆ ದುಡಿಯುವವನಿಗೆ ಅರ್ಧ ದಿನ ರಜೆ ಹಾಕಿ ಹೆಚ್ಚು ಸಂಬಳದ ಕೆಲಸಕ್ಕೆ ಸಂದರ್ಶನ ಕೊಟ್ಟು ಬರುವುದೂ ದುಬಾರಿಯೇ. ಕೈಯಲ್ಲಿ ನಾಲ್ಕು ಕಾಸಿದ್ದರೆ ಆ ಧೈರ್ಯ ಬರುತ್ತದೆ.

ಆದರೆ ಸತ್ಯಶೋಧಕನು ತನಗೆ ಪ್ರಿಯವಾದ ಅಂಕಿಯಲ್ಲಿಯೇ ನಿಂತುಬಿಡಲಾಗದು. ಸ್ಟಾಕ್‌ಟನ್ ಪ್ರಯೋಗದ ಎರಡನೆಯ ವರ್ಷದಲ್ಲಿ ಕೊರೊನಾ ಪಿಡುಗು ಬಂದೆರಗಿ ಎಲ್ಲವನ್ನೂ ಕಲಸಿಬಿಟ್ಟಿತು. ಇಲಿನಾಯ್ ಮತ್ತು ಟೆಕ್ಸಾಸ್ ರಾಜ್ಯಗಳಲ್ಲಿ ಓಪನ್ ರಿಸರ್ಚ್ ಎಂಬ ಮತ್ತೊಂದು ಸಂಸ್ಥೆಯ ನೆರವಿನಿಂದ 1,000 ಮಂದಿಗೆ ತಿಂಗಳಿಗೆ 1,000 ಡಾಲರಿನಂತೆ ಮೂರು ವರ್ಷ ನೀಡಿದ ಪ್ರಯೋಗದ ಫಲಿತಾಂಶ 2024ರ ಜುಲೈಯಲ್ಲಿ ಪ್ರಕಟವಾಯಿತು. ತಿಂಗಳಿಗೆ 50 ಡಾಲರ್ ಮಾತ್ರ ಪಡೆದವರೊಡನೆ ಹೋಲಿಸಿದಾಗ ಇವರು ವಾರಕ್ಕೆ ಸುಮಾರು 1.3 ಗಂಟೆ ಕಡಿಮೆ ದುಡಿದಿದ್ದರು. ಹಾಗಾದರೆ ಸೋಮಾರಿತನದ ವಾದವೇ ಗೆದ್ದಿತೇ? ಹಾಗೂ ಹೇಳಲಾಗದು. ವಾರಕ್ಕೆ ಒಂದು ಗಂಟೆ ಚಿಲ್ಲರೆ ಇಳಿಕೆಯನ್ನು ದುಡಿಮೆಯ ತ್ಯಾಗವೆನ್ನುವುದು ಅತಿಶಯೋಕ್ತಿ. ಇಳಿಕೆಯೇ ಆಗಲಿಲ್ಲವೆನ್ನುವುದು ಅಸತ್ಯ. ಮೊತ್ತ, ಊರು, ಕಾಲ ಬದಲಾದಂತೆ ಫಲವೂ ಬದಲಾಗುತ್ತದೆ.

ಇಂತಹ ಕೇಂದ್ರದಲ್ಲಿ ದುಡಿಯುವವರ ಅಂತಃಸಾಕ್ಷಿಯ ಪ್ರಶ್ನೆಯೂ ಒಂದಿದೆ. ಸಮಾನ ಬಡತನದ ಎರಡು ಮನೆಗಳಲ್ಲಿ ಒಂದಕ್ಕೆ ಮಾಸಿಕ ಹಣ ದೊರೆಯುತ್ತದೆ. ಇನ್ನೊಂದಕ್ಕೆ ಆ ಹಣವಿಲ್ಲ, ಪ್ರಶ್ನಾವಳಿ ಮಾತ್ರ. ಈ ಹೋಲಿಕೆಯಿಲ್ಲದೆ ಬದಲಾವಣೆ ಹಣದಿಂದಾಯಿತೋ ಕಾಲದ ಮಹಿಮೆಯಿಂದಾಯಿತೋ ತಿಳಿಯುವಂತಿಲ್ಲ. ಇರುವ ಹಣ ಎಲ್ಲರಿಗೂ ಸಾಲದಿರುವಾಗ, ಯಾವ ಶಿಫಾರಸಿಗೂ ಎಡೆಯಿಲ್ಲದ ಚೀಟಿ ಎತ್ತುವ ಕ್ರಮವೇ ನ್ಯಾಯವೆಂಬ ಅವರ ಸಮರ್ಥನೆಯಲ್ಲಿ ಹುರುಳಿದೆ. ಆದರೂ ಮನುಷ್ಯನನ್ನು ಎಂದಿಗೂ ಬರಿಯ ಸಾಧನವಾಗಿ ಬಳಸಲಾಗದೆಂದು ತತ್ತ್ವಜ್ಞಾನಿ ಕಾಂಟ್ ಬೋಧಿಸಿದ್ದನ್ನು ಇಲ್ಲಿ ಮರೆಯುವಂತಿಲ್ಲ. ಈ ಹಣ ಸ್ವೀಕರಿಸಿದರೆ ಸರಕಾರದ ಬೇರೆ ನೆರವಿಗೆ ಕುತ್ತು ಬರಬಹುದೇ ಎಂಬುದನ್ನು ಕುಟುಂಬಕ್ಕೆ ಮೊದಲೇ ತಿಳಿಸಬೇಕು. ಅವಧಿ ಮುಗಿದು ಹಣ ನಿಂತ ದಿನ ವರದಿ ಸಿದ್ಧವಾಗುತ್ತದೆ. ಆ ಮನೆಯವರಾದರೋ ಮರುದಿನವೂ ಒಲೆ ಹಚ್ಚಬೇಕು.

ಇನ್ನೂ ಆಳದಲ್ಲಿ ಮತ್ತೊಂದು ಪ್ರಶ್ನೆಯಿದೆ. ತಂದೆಯಿಂದ ಬಂದ ನಾಲ್ಕು ಮಳಿಗೆಗಳ ಬಾಡಿಗೆಯನ್ನು ತಿಂಗಳು ತಿಂಗಳು ಎಣಿಸಿಕೊಳ್ಳುವವನಿಗೂ ದುಡಿಮೆಯಿಲ್ಲದ ಖಾತರಿ ಆದಾಯವಿದೆ. ಅವನು ಸೋಮಾರಿಯಾದನೇ, ಕುಡಿಯುತ್ತಾನೆಯೇ ಎಂದು ನಾವು ವಿಚಾರಿಸುವುದಿಲ್ಲ. ಯೋಗ್ಯತೆಯನ್ನು ರುಜುವಾತುಪಡಿಸುವ ಹೊಣೆ ಬಡವನ ಹೆಗಲಿಗೆ ಮಾತ್ರ ಏಕೆ ಬೀಳಬೇಕು? ಸಂಶೋಧನೆ ಏನಾಯಿತು ಎಂಬುದನ್ನು ಹೇಳಬಲ್ಲದು. ಏನಾಗಬೇಕು ಎಂಬುದು ನ್ಯಾಯದ ವಿಚಾರ. ಅದನ್ನು ನಿರ್ಣಯಿಸುವ ಭಾರವನ್ನು ಅಂಕಿಸಂಖ್ಯೆಯ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ.

ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸರು 2020ರ ಏಪ್ರಿಲ್ 12ರ ಪಾಸ್ಖ ಹಬ್ಬದಂದು ಜನಪರ ಚಳವಳಿಗಳಿಗೆ ಬರೆದ ಪತ್ರದಲ್ಲಿ, ಸಾರ್ವತ್ರಿಕ ಮೂಲ ವೇತನವನ್ನು ಪರಿಗಣಿಸಲು ಬಹುಶಃ ಇದು ಸಕಾಲವೆಂದು ಸೂಚಿಸಿದ್ದರು. ಬೀದಿ ವ್ಯಾಪಾರಿಗಳು, ಸಣ್ಣ ರೈತರು, ಹೊಲಿಗೆಯವರು ಮುಂತಾಗಿ ನಿಶ್ಚಿತ ಸಂಪಾದನೆಯಿಲ್ಲದೆ ಲೋಕದ ಅಗತ್ಯಗಳನ್ನು ಪೂರೈಸುವವರು ಅವರ ಕಣ್ಣ ಮುಂದಿದ್ದರು. ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯನ್ನು ಈ ಬೆಳಕಿನಲ್ಲಿ ಓದಬಹುದು. ಸಂಜೆ ಐದು ಗಂಟೆಯವರೆಗೂ ಕೆಲಸ ಸಿಗದೆ ನಿಂತಿದ್ದವರನ್ನು ಆ ಯಜಮಾನ ತೋಟಕ್ಕೆ ಕರೆದ; ಇಡೀ ದಿನದ ಕೂಲಿಯನ್ನೂ ಕೊಟ್ಟ. ದುಡಿಮೆಯ ಘನತೆ, ಅಂದಿನ ಅನ್ನ, ಇವೆರಡರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯಲಿಲ್ಲ.

ನಮ್ಮ ಗೃಹಲಕ್ಷ್ಮಿ ಯೋಜನೆಯನ್ನು ಸ್ಟಾಕ್‌ಟನ್ ಪ್ರಯೋಗದೊಡನೆ ಹಾಗೆಯೇ ತಳುಕು ಹಾಕುವುದು ಸರಿಯಲ್ಲ. ಆದಾಯ ತೆರಿಗೆ ಅಥವಾ ಜಿ.ಎಸ್.ಟಿ. ಕಟ್ಟುವ ಕುಟುಂಬಗಳನ್ನು ಹೊರಗಿಟ್ಟು ರಾಜ್ಯದಾದ್ಯಂತ ಹಬ್ಬಿದ ಯೋಜನೆ ಇದು. ಹಣ ಬರುವುದು ರಾಜ್ಯದ ಬೊಕ್ಕಸದಿಂದ. ಆದುದರಿಂದ ಈ ಹಣಕ್ಕಾಗಿ ಯಾವ ಶಾಲೆ, ಯಾವ ರಸ್ತೆ ಕಾಯಬೇಕಾಯಿತು ಎಂದು ಕೇಳುವುದು ನಾಗರಿಕರ ಹಕ್ಕು. ದಾನಿಗಳ ಹಣದಿಂದ ನಡೆದ ಪ್ರಯೋಗ ಆ ಪ್ರಶ್ನೆಗೆ ಉತ್ತರ ಕೊಡಲಾರದು. ಆದರೆ ಅಲ್ಲಿಂದ ಕಲಿಯಬೇಕಾದ ವಿಧಾನವೊಂದಿದೆ: ಹಣ ಪಡೆದವರನ್ನೇ ಕೇಳುವುದು, ಅವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ನಮಗೆ ಒಗ್ಗದ ಫಲಿತಾಂಶವನ್ನೂ ಮುಚ್ಚಿಡದಿರುವುದು.

ನಮ್ಮ ಮನೆಗೆಲಸಕ್ಕೆ ಬರುವ ತಾಯಂದಿರಲ್ಲಿ, ತೋಟದ ಆಳುಗಳ ಮನೆಗಳಲ್ಲಿ ಈ 2,000 ರೂಪಾಯಿ ಬಂದಿರಬಹುದು. ಅದು ಮಗುವಿನ ಶಾಲೆಯ ಚೀಲವಾಯಿತೋ, ಔಷಧವಾಯಿತೋ, ಹಳೆಯ ಸಾಲದ ಬಡ್ಡಿಯಾಯಿತೋ ಎಂಬುದನ್ನು ಬಲ್ಲವರು ಅವರೇ. ತೀರ್ಪು ಕೊಡುವ ಮೊದಲು ಅವರ ಮಾತಿಗೆ ಕಿವಿಗೊಡುವುದು ಓದುಗ ಕುಟುಂಬಗಳ ಕರ್ತವ್ಯ.