ಸೊಸೈಟಿಯ ಸಿಇಒ, ಕಂಪನಿಯ ಸಿಇಒ

ಕೊಪ್ಪದ ಕಡೆಯ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಎಂಬತ್ತರ ಹಿರಿಯರೊಬ್ಬರು ಕೂತಿದ್ದರು. ಅವರ ಆಚೆಗೆ ಬೆಂಗಳೂರಿನಿಂದ ಬಂದ ತಮ್ಮನ ಮಗ. "ಈಗ ಎಂತ ಆಗಿದೀಯ ಮಾರಾಯ?" ಎಂದು ಹಿರಿಯರು ಕೇಳಿದರು. "ಡೆಲಿವರಿ ಮ್ಯಾನೇಜರ್, ದೊಡ್ಡಪ್ಪ." ಹಿರಿಯರು ಅನ್ನ ಕಲೆಸುತ್ತ ಯೋಚಿಸಿ, "ಅಂದ್ರೆ ಪಾರ್ಸಲ್ ತರೋ ಹುಡುಗ್ರನ್ನೆಲ್ಲ ನೋಡ್ಕೊಳ್ಳೋದಾ?" ಎಂದರು. ಉತ್ತರ ಬರುವ ಮೊದಲೇ ಹುಡುಗನ ಫೋನು ಹೊಡೆದುಕೊಂಡಿತು. ಹೋಳಿಗೆ ಬಡಿಸುವವರು ಎದುರಿಗೆ ಬಂದು ನಿಂತಿದ್ದರು. ಅವನು ಎಡಗೈಯಲ್ಲಿ ಫೋನು ಹಿಡಿದು, ಸಿಗ್ನಲ್ ಹುಡುಕುತ್ತ ಛತ್ರದ ಅಂಗಳಕ್ಕೆ ಹೋದ.

ಹಿರಿಯರ ಪ್ರಶ್ನೆಗೆ ನಗಬೇಕಾಗಿಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಸುತ್ತ ಒಬ್ಬ ಮಗನನ್ನೋ ಮಗಳನ್ನೋ ಬೆಂಗಳೂರಿನ ಕಂಪನಿಗೆ ಕಳಿಸದ ಬೆಳೆಗಾರರ ಮನೆಯನ್ನು ಹುಡುಕಬೇಕು. ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಕೊಟ್ಟು ಕೂತ ಎಷ್ಟೋ ಮನೆಗಳಿಗೆ ಆ ಸಂಬಳವೇ ಆಸರೆ. ಆದರೆ ನಮಗೆ ತಿಳಿದಿರುವುದು ಹುದ್ದೆಯ ಹೆಸರು ಮಾತ್ರ. ಅಲ್ಲಿ ಕೂತವರು ಏನು ಮಾಡುತ್ತಾರೆ, ಯಾರಿಗೆ ಉತ್ತರ ಹೇಳುತ್ತಾರೆ, ಎಂದಿಗೆ ಏಳಬೇಕು ಎಂಬುದು ಗೊತ್ತಿಲ್ಲ.

ಕೆಳಗಿನಿಂದ ಶುರು ಮಾಡೋಣ. ಕೊಯ್ಲಿನಲ್ಲಿ ಕೊನೆಗಾರ ಮರ ಹತ್ತಿ ಕೊನೆ ಇಳಿಸುತ್ತಾನೆ. ಸುಲಿಯಲು ಬೇರೆಯವರು, ಬೇಯಿಸಿ ಒಣಗಿಸಲು ಮತ್ತೊಬ್ಬರು. ಇವರಿಗೆಲ್ಲ ದಿನ ಹೊಂದಿಸಿ, ಮೋಡ ನೋಡಿ, ಮಂಡಿಗೆ ಮಾತು ಕೊಟ್ಟ ದಿನ ಮಾತು ಕೊಟ್ಟ ದರ್ಜೆಯ ಮಾಲು ಮುಟ್ಟಿಸುವವನು ಇನ್ನೊಬ್ಬ. ಸಾಫ್ಟ್‌ವೇರ್ ಕಂಪನಿಯಲ್ಲಿ ಅವನೇ ಡೆಲಿವರಿ ಮ್ಯಾನೇಜರ್. ಮೊದಲ ಕೆಲವು ವರ್ಷ ಅವನೂ ಮರ ಹತ್ತಿದವನೇ, ಅಂದರೆ ಕೋಡ್ ಬರೆದವನು. ಮೇಲೆ ಹೋದಂತೆ ಸ್ವಂತ ಕೈಗೆಲಸ ಕಡಿಮೆಯಾಗುತ್ತದೆ, ಬೇರೆಯವರ ಕೆಲಸಕ್ಕೆ ತಾನು ಜವಾಬು ಹೇಳುವುದು ಹೆಚ್ಚಾಗುತ್ತದೆ.

ಈ ಏಣಿಯ ತುದಿಯಲ್ಲಿ ಸಿಇಒ, ಅಂದರೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಈ ಪದ ನಮಗೆ ಹೊಸದಲ್ಲ. ನಮ್ಮ ಸಹಕಾರ ಸಂಘಗಳಲ್ಲಿ ಹಿಂದೆ ಕಾರ್ಯದರ್ಶಿ ಎನ್ನಿಸಿಕೊಳ್ಳುತ್ತಿದ್ದವರನ್ನೇ ಈಗ ಸಿಇಒ ಎನ್ನುತ್ತೇವೆ. ಬೆಳೆಸಾಲದ ಕಾಗದಕ್ಕೆ ಅವರ ಸಹಿ ಬೇಕು, ಕೀಲಿ ಅವರ ಕೈಯಲ್ಲಿ. ಹಾಗೆಂದು ಸೊಸೈಟಿ ಅವರದಲ್ಲ. ಸದಸ್ಯರು ನಿರ್ದೇಶಕರನ್ನು ಆರಿಸುತ್ತಾರೆ, ನಿರ್ದೇಶಕರು ಸಿಇಒಗೆ ಕೆಲಸ ಒಪ್ಪಿಸುತ್ತಾರೆ. ಕಂಪನಿಯಲ್ಲೂ ಸಾಲು ಇದೇ: ಷೇರುದಾರರು, ನಿರ್ದೇಶಕ ಮಂಡಳಿ, ಸಿಇಒ. ದೊಡ್ಡ ವ್ಯತ್ಯಾಸ ಒಂದೇ. ಸೊಸೈಟಿಯಲ್ಲಿ ಹತ್ತು ಎಕರೆಯವರಿಗೂ ಹತ್ತು ಗುಂಟೆಯವರಿಗೂ ತಲೆಗೊಂದೇ ಮತ. ಕಂಪನಿಯಲ್ಲಿ ಷೇರಿಗೊಂದು ಮತ.

ಇದನ್ನು ಒಬ್ಬರ ವೃತ್ತಿಜೀವನದಲ್ಲಿ ಇಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ನಂದನ್ ನಿಲೇಕಣಿ 1955ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಬಟ್ಟೆ ಗಿರಣಿಯ ವ್ಯವಸ್ಥಾಪಕ. ಹೈಸ್ಕೂಲು ದಿನಗಳಲ್ಲಿ ಧಾರವಾಡಕ್ಕೆ ಹೋಗಿ ಅಲ್ಲಿ ಓದಿದರು. 1978ರಲ್ಲಿ ಬಾಂಬೆ ಐಐಟಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಸೇರಿದರು. ಕೆಲಸಕ್ಕೆ ಸಂದರ್ಶನ ಮಾಡಿದವರು ಎನ್.ಆರ್. ನಾರಾಯಣಮೂರ್ತಿ. 1981ರಲ್ಲಿ ಮೂರ್ತಿಯವರ ಜೊತೆ ಆರು ಮಂದಿ ಹೊರಬಂದು ಪುಣೆಯಲ್ಲಿ ಇನ್ಫೊಸಿಸ್ ಕಟ್ಟಿದಾಗ ಅವರಲ್ಲಿ ನಿಲೇಕಣಿಯೂ ಇದ್ದರು. ಕೈಯಲ್ಲಿದ್ದ ಬಂಡವಾಳ ಸುಧಾ ಮೂರ್ತಿಯವರು ಉಳಿತಾಯದಿಂದ ತೆಗೆದುಕೊಟ್ಟ 10,000 ರೂಪಾಯಿ. ಎರಡು ವರ್ಷದ ನಂತರ ಕಂಪನಿ ಬೆಂಗಳೂರಿಗೆ ಬಂತು.

ಆಗ ಇವರು ಒಡೆಯರೂ ಹೌದು, ಆಳುಗಳೂ ಹೌದು. ಚಿಕ್ಕ ತೋಟದ ಯಜಮಾನ ತಾನೇ ಮಣ್ಣು ಹೊತ್ತಂತೆ. 1993ರಲ್ಲಿ ಷೇರಿಗೆ 95 ರೂಪಾಯಿಯಂತೆ ಇನ್ಫೊಸಿಸ್ ಸಾರ್ವಜನಿಕರಿಂದ ಹಣ ಎತ್ತಿತು. 1999ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆಯನ್ನೂ ಸೇರಿತು. ಒಡೆತನ ಸಾವಿರಾರು ಕೈಗೆ ಹಂಚಿಹೋಯಿತು. ಇಂದು ಸಂಸ್ಥಾಪಕರ ಕುಟುಂಬಗಳೆಲ್ಲ ಸೇರಿದರೂ ಪಾಲು ಆರರಲ್ಲೊಂದಕ್ಕಿಂತ ಕಡಿಮೆ. ಅಂದಮೇಲೆ ಕುರ್ಚಿಯಲ್ಲಿ ಯಾರು ಕೂರಬೇಕೆಂಬುದು ಮನೆಯೊಳಗಿನ ಮಾತಾಗಿ ಉಳಿಯುವುದಿಲ್ಲ.

2002ರಲ್ಲಿ ಮೂರ್ತಿಯವರು ಸಿಇಒ ಹುದ್ದೆ ಬಿಟ್ಟರು, ನಿಲೇಕಣಿ ಕೂತರು. ಅವರು ಅಲ್ಲಿ ಐದು ವರ್ಷ ಇದ್ದರು. ಆ ಅವಧಿಯಲ್ಲಿ ಕಂಪನಿಯ ವರ್ಷದ ಆದಾಯ ಸುಮಾರು 55 ಕೋಟಿ ಡಾಲರ್‌ನಿಂದ 300 ಕೋಟಿ ಡಾಲರ್ ದಾಟಿತು. 2007ರಲ್ಲಿ ಅವರು ಎದ್ದು ಕ್ರಿಸ್ ಗೋಪಾಲಕೃಷ್ಣನ್ ಅವರಿಗೆ ಜಾಗ ಬಿಟ್ಟರು, 2011ರಲ್ಲಿ ಎಸ್.ಡಿ. ಶಿಬುಲಾಲ್ ಬಂದರು. ಫಸಲು ಚೆನ್ನಾಗಿರುವಾಗಲೇ ತೋಟದ ಜವಾಬ್ದಾರಿ ಕೈ ಬದಲಾಗುವುದು ನಮ್ಮಲ್ಲಿ ಅಪರೂಪ. ಅಪ್ಪನಿಗೆ ಎಪ್ಪತ್ತೈದಾದರೂ ಮಂಡಿಯ ಲೆಕ್ಕ ಮಗನ ಕೈಗೆ ಬಂದಿರುವುದಿಲ್ಲ.

ಬಿಟ್ಟ ಕುರ್ಚಿಗೆ ಮರಳುವ ಸಂದರ್ಭಗಳೂ ಬರುತ್ತವೆ. ಕಂಪನಿಯ ಓಟ ನಿಧಾನವಾದಾಗ, 2013ರಲ್ಲಿ ಮೂರ್ತಿಯವರನ್ನು ಮತ್ತೆ ಕರೆಸಬೇಕಾಯಿತು. 2014ರಲ್ಲಿ ಮೊದಲ ಬಾರಿಗೆ ಸಂಸ್ಥಾಪಕರಲ್ಲದ ಸಿಇಒ ಆಗಿ ವಿಶಾಲ್ ಸಿಕ್ಕಾ ಬಂದರು. ಆಡಳಿತ ಕ್ರಮದ ಕುರಿತು ಮೂರ್ತಿ ಮತ್ತು ನಿರ್ದೇಶಕ ಮಂಡಳಿಯ ನಡುವೆ ಬಹಿರಂಗ ಜಟಾಪಟಿ ನಡೆದು, 2017ರ ಆಗಸ್ಟ್‌ನಲ್ಲಿ ಸಿಕ್ಕಾ ರಾಜೀನಾಮೆ ಕೊಟ್ಟರು. ಒಂದು ವಾರದೊಳಗೆ ನಿಲೇಕಣಿ ಹಿಂತಿರುಗಿದರು. ಆದರೆ ಸಿಇಒ ಆಗಿ ಅಲ್ಲ, ಕಾರ್ಯನಿರ್ವಾಹಕೇತರ ಅಧ್ಯಕ್ಷರಾಗಿ. ಸೊಸೈಟಿಯ ಅಧ್ಯಕ್ಷರು ಸಭೆ ನಡೆಸಿ ದಿಕ್ಕು ಹೇಳುತ್ತಾರೆ, ದಿನದ ವ್ಯವಹಾರಕ್ಕೆ ಕೈಹಾಕುವುದಿಲ್ಲವಲ್ಲ, ಹಾಗೆ. ಆ ಹುದ್ದೆಗೆ ಅವರು ಸಂಬಳ ಪಡೆಯುವುದಿಲ್ಲ.

ಆ ದಿನಗಳಲ್ಲಿ ಮಧ್ಯಂತರ ಸಿಇಒ ಆದವರು ಯು.ಬಿ. ಪ್ರವೀಣ್ ರಾವ್. ನಮ್ಮ ಮನೆಗಳಿಗೆ ಹತ್ತಿರದ ಕಥೆ ಬಹುಶಃ ಇವರದೇ. ಅವರು ಸಂಸ್ಥಾಪಕರಲ್ಲ. 1986ರಲ್ಲಿ ಕೆಲಸಕ್ಕೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿದವರು. 2018ರ ಜನವರಿಯಲ್ಲಿ ಸಲೀಲ್ ಪರೇಖ್ ಸಿಇಒ ಆಗಿ ಬಂದಾಗ ಮೇಲಿನ ಕುರ್ಚಿ ಬಿಟ್ಟು, ತಮ್ಮ ಹಳೆಯ ಮುಖ್ಯ ಕಾರ್ಯಾಚರಣಾಧಿಕಾರಿ ಹುದ್ದೆಯಲ್ಲಿ ಮುಂದುವರಿದರು. 2021ರ ಡಿಸೆಂಬರ್‌ನಲ್ಲಿ ನಿವೃತ್ತರಾದರು. ಮೇಲೇರಿದವನು ಒಂದು ಮೆಟ್ಟಿಲು ಇಳಿದರೆ ನಾವು ಅವಮಾನ ಎನ್ನುತ್ತೇವೆ. ಅಲ್ಲಿ ಅದು ಒಪ್ಪಿಕೊಂಡ ಕೆಲಸದ ಭಾಗ.

ನಿಲೇಕಣಿಯವರ ನಡುವಣ ವರ್ಷಗಳು ನಮ್ಮೂರಿಗೂ ಬಂದು ಮುಟ್ಟಿವೆ. 2009ರಲ್ಲಿ ಇನ್ಫೊಸಿಸ್ ಬಿಟ್ಟು, ಸಂಪುಟ ದರ್ಜೆಯ ಸ್ಥಾನಮಾನದೊಂದಿಗೆ ಅವರು ಆಧಾರ್ ಪ್ರಾಧಿಕಾರದ ಅಧ್ಯಕ್ಷರಾದರು. 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ಮೊದಲ ಸಂಖ್ಯೆ ಕೊಡಲಾಯಿತು. 2014ರಲ್ಲಿ ಹುದ್ದೆ ಬಿಟ್ಟು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ನಿಂತು, ಅನಂತಕುಮಾರ್ ಎದುರು ಸೋತರು. ಅವರು ಸೋತರೂ ಹನ್ನೆರಡು ಅಂಕಿಯ ಆ ಸಂಖ್ಯೆ ನಿಲ್ಲಲಿಲ್ಲ. ಇಂದು ಪಡಿತರಕ್ಕೆ, ಪಿಂಚಣಿಗೆ, ಬ್ಯಾಂಕಿಗೆ ಅದನ್ನೇ ಕೇಳುತ್ತಾರೆ.

ಕಂಪನಿಯ ವೃತ್ತಿ ಸರ್ಕಾರದೊಳಗೆ ಬಂದಾಗ ಬದಲಾಗುವ ಲೆಕ್ಕವೂ ಇಲ್ಲೇ ಕಾಣುತ್ತದೆ. ಕಂಪನಿಯ ಗ್ರಾಹಕನಿಗೆ ಮಾಲು ಹಿಡಿಸದಿದ್ದರೆ ಬೇರೆ ಕಡೆ ಹೋಗುತ್ತಾನೆ. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರಿಗೆ ಬೇರೆ ಅಂಗಡಿಯಿದ್ದರೂ ಬೇರೆ ಆಧಾರ್ ಇಲ್ಲ. ವರ್ಷಗಟ್ಟಲೆ ಕೂಲಿ ಮಾಡಿ ಗೆರೆ ಸವೆದ ಹೆಬ್ಬೆರಳನ್ನು ಯಂತ್ರ ಎಷ್ಟೋ ಸಲ ಓದುವುದಿಲ್ಲ. ಸೆರಗಿಗೆ ಬೆರಳೊರೆಸಿ ಮತ್ತೆ ಒತ್ತಬೇಕು. ಮಳೆಗಾಲದಲ್ಲಿ ನೆಟ್‌ವರ್ಕೂ ಕೈಕೊಟ್ಟರೆ ನಾಳೆ ಬರಬೇಕು. ನೂರರಲ್ಲಿ ಒಂದು ಸೋತರೆ ಕಂಪನಿ ಅದನ್ನು ಯಶಸ್ಸು ಎನ್ನಬಹುದು. ಸರ್ಕಾರಕ್ಕೆ ಆ ಒಂದು ಒಬ್ಬ ಮನುಷ್ಯ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಆಧಾರ್ ಅನ್ನು ಎತ್ತಿಹಿಡಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಬಳಸಲು ಅವಕಾಶ ಕೊಟ್ಟಿದ್ದ ಭಾಗವನ್ನು ತೆಗೆದುಹಾಕಿತು. ಇಂಥ ಹುದ್ದೆಯವರ ಲೆಕ್ಕ ಕೇಳುವುದಕ್ಕೆ ಷೇರುದಾರರ ಸಭೆ ಸಾಲದು. ನ್ಯಾಯಾಲಯ, ಸಂಸತ್ತು, ಅಂಗಡಿಯ ಸರದಿಯಲ್ಲಿ ನಿಂತವರು ಎಲ್ಲರೂ ಬೇಕು.

ಹೀಗಿರುವಾಗ ಮಗ ಏನಾಗಿದ್ದಾನೆ ಎಂದು ಕೇಳುವುದರ ಜೊತೆಗೆ, ಅವನು ಒಂದು ವಾರ ಇಲ್ಲದಿದ್ದರೆ ಕೆಲಸ ನಡೆಯುತ್ತದೆಯೇ ಎಂದೂ ಕೇಳಬಹುದು. ನಡೆಯುತ್ತದೆ ಎಂದಾದರೆ ಅವನು ಕೆಳಗಿನವರಿಗೆ ಕೆಲಸ ಕಲಿಸಿದ್ದಾನೆ. ನಡೆಯುವುದಿಲ್ಲ ಎಂದಾದರೆ ಹುದ್ದೆಯ ಹೆಸರು ಏನೇ ಇರಲಿ, ಅವನಿನ್ನೂ ಮರದ ಮೇಲೇ ಇದ್ದಾನೆ.

ಆ ಮದುವೆಯ ಹುಡುಗ ಅಂಗಳದಿಂದ ಬಂದಾಗ ಪಂಕ್ತಿ ಮಜ್ಜಿಗೆಗೆ ಬಂದಿತ್ತು. ದೊಡ್ಡಪ್ಪ ಬಡಿಸುವವರಿಗೆ ಹೇಳಿ ಅವನ ಎಲೆಗೆ ಹೋಳಿಗೆ ಹಾಕಿಸಿಟ್ಟಿದ್ದರು. ಅವನು ಕೂತ ಮೇಲೆ ಕೇಳಿದರು: "ಅಲ್ಲ ಮಾರಾಯ, ನಿನ್ನ ಕೈಕೆಳಗೆ ಯಾರೂ ಇಲ್ವ?"