‘ಬ್ರೇಕ್ ಫೇಲ್’ ಎಂದು ಬರೆಯುವುದನ್ನು ಇನ್ನಾದರೂ ಬಿಡೋಣ

ತಾಲ್ಲೂಕು ವರದಿಗಾರರ ಬಳಿ ಅಪಘಾತದ ಸುದ್ದಿಗೆ ಎರಡೇ ಕಾರಣಗಳಿರುತ್ತವೆ. ಒಂದು, ‘ಚಾಲಕನ ನಿಯಂತ್ರಣ ತಪ್ಪಿ’. ಇನ್ನೊಂದು, ‘ಬ್ರೇಕ್ ಫೇಲ್ ಆಗಿ’. ಪತ್ರಿಕೋದ್ಯಮ ಓದಿ ಹೊರಬಂದ ಹೊಸದರಲ್ಲಿ ನಾವೂ ಇವೆರಡನ್ನೇ ಅದಲುಬದಲು ಮಾಡಿ ಬರೆದವರು. ಠಾಣೆಗೆ ಫೋನ್ ಮಾಡುವುದು, ಹೆಸರು, ವಯಸ್ಸು, ಊರು ಕೇಳುವುದು, ಕಾರಣದ ಜಾಗದಲ್ಲಿ ಇವೆರಡರಲ್ಲೊಂದನ್ನು ಕೂರಿಸುವುದು. ನಾಲ್ಕು ಸಾಲಿನ ಸುದ್ದಿ ಮುಗಿಯಿತು. ಬ್ರೇಕ್ ಯಾಕೆ ಫೇಲ್ ಆಯಿತು ಎಂದು ಡೆಸ್ಕಿನವರು ಕೇಳಲಿಲ್ಲ, ಓದುಗರು ಕೇಳಲಿಲ್ಲ, ನಾವಂತೂ ಕೇಳಲೇ ಇಲ್ಲ.

ಕೇಳುವ ಹಾಗೆ ಮಾಡಿದ್ದು ಚಾರ್ಮಾಡಿ ಘಾಟಿ. ನಮ್ಮ ಗುಂಪಿನ ಇಬ್ಬರು ಒಂದೇ ಬೈಕಿನಲ್ಲಿ ಕೊಟ್ಟಿಗೆಹಾರದಿಂದ ಉಜಿರೆ ಕಡೆಗೆ ಇಳಿಯುತ್ತಿದ್ದರು. ಹತ್ತು ವರ್ಷ ದಾಟಿದ 150 ಸಿಸಿ ಬೈಕು, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಮುಂದಿನ ಬ್ರೇಕಿನ ಲಿವರ್ ಮೆತ್ತಗಾಯಿತು. ಅದರ ನಂತರದ ತಿರುವಿನಲ್ಲಿ ಹಿಡಿದರೆ ಸೀದಾ ಹ್ಯಾಂಡಲ್ ಮುಟ್ಟಿತು. ಗೇರು ಇಳಿಸಿ, ಹಿಂದಿನ ಬ್ರೇಕ್ ಒತ್ತಿ, ಗುಡ್ಡದ ಬದಿಯ ಚರಂಡಿಗೆ ತಾಗಿಸಿ ಹೇಗೋ ನಿಲ್ಲಿಸಿದರು. ಇನ್ನೊಂದು ಬದಿಗೆ ಕಣಿವೆ. ಆ ಕಡೆ ಹೋಗಿದ್ದರೆ ನಾವು ಬರೆಯುತ್ತಿದ್ದ ಸಾಲೇ ಮರುದಿನ ನಮ್ಮವರ ಹೆಸರಿನ ಮುಂದೆ ಬರುತ್ತಿತ್ತು.

ಸಿಟ್ಟು ಬಂದದ್ದು ಆಮೇಲೆ. ಆ ಬೈಕು ಮೂರು ವಾರದ ಹಿಂದಷ್ಟೇ ಸರ್ವೀಸ್ ಆಗಿತ್ತು. ಬಿಲ್ಲಿನಲ್ಲಿ ಹೊಸ ಬ್ರೇಕ್ ಪ್ಯಾಡ್ ಇತ್ತು, ಹೊಸ ಲಿವರ್ ಇತ್ತು, ಪಾಲಿಶ್ ಕೂಡ ಇತ್ತು. ಬ್ರೇಕ್ ಆಯಿಲ್ ಇರಲಿಲ್ಲ. ಘಾಟಿಯ ಕೆಳಗಿನ ಮೆಕ್ಯಾನಿಕ್ ಒಬ್ಬರು ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರಿನ ಮುಚ್ಚಳ ಬಿಚ್ಚಿ ತೋರಿಸಿದರು. ಒಳಗೆ ಕಾಫಿ ಡಿಕಾಕ್ಷನ್ ಬಣ್ಣ. “ಇದನ್ನು ಕೊನೆಗೆ ಬದಲಾಯಿಸಿದ್ದು ಯಾವಾಗ ಮಾರಾಯ್ರೆ?” ಎಂದರು. ನಮ್ಮವರ ಬಳಿ ಉತ್ತರವಿರಲಿಲ್ಲ. ಬೈಕು ಕೊಂಡಾಗಿನಿಂದ ಬದಲಾಯಿಸಿಯೇ ಇರಲಿಲ್ಲ.

ಹೀರೋ ಹೋಂಡಾದವರ ಸಿಬಿಝಡ್ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹೊತ್ತು ಬಂದದ್ದು 1999ರಲ್ಲಿ. ಕಾಲು ಶತಮಾನವಾಯಿತು. ಆದರೆ ಬ್ರೇಕಿನ ಬಗ್ಗೆ ನಮ್ಮ ತಿಳಿವಳಿಕೆ ಇನ್ನೂ ಕೇಬಲ್ ಕಾಲದ್ದೇ. ಕೇಬಲ್ ಸಡಿಲವಾದರೆ ಕಣ್ಣಿಗೆ ಕಾಣುತ್ತದೆ, ನಟ್ ತಿರುಗಿಸಿದರೆ ಬಿಗಿಯಾಗುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಅಂಥ ನಟ್ಟೇ ಇಲ್ಲ. ಲಿವರ್ ಹಿಡಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಆಯಿಲನ್ನು ತಳ್ಳುತ್ತದೆ, ಆ ಒತ್ತಡ ಪೈಪಿನಲ್ಲಿ ಹೋಗಿ ಕ್ಯಾಲಿಪರ್ ಮುಟ್ಟುತ್ತದೆ, ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ಕೆಲವು ದೊಡ್ಡ ಬೈಕುಗಳ ಹೈಡ್ರಾಲಿಕ್ ಕ್ಲಚ್ಚಿನದೂ ಇದೇ ಕಥೆ, ಅಲ್ಲಿ ಕೊನೆಯ ಸಿಲಿಂಡರ್ ಕ್ಲಚ್ಚನ್ನು ಬಿಡಿಸುತ್ತದೆ ಅಷ್ಟೆ. ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಎಂಬುದರ ಮೇಲೆಯೇ ಇಡೀ ಏರ್ಪಾಡು ನಿಂತಿದೆ. ಗಾಳಿ ಕುಗ್ಗುತ್ತದೆ, ಆವಿಯೂ ಕುಗ್ಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಅದರ ಗುಣವೇ ಅದು. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಇಬ್ಬರು ಕೂತ ಬೈಕನ್ನು ಬ್ರೇಕಿನ ಮೇಲೆಯೇ ಘಾಟಿ ಇಳಿಸಿದರೆ ಡಿಸ್ಕಿನ ಬಿಸಿ ಆಯಿಲಿಗೆ ದಾಟುತ್ತದೆ, ಹಳೆಯ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಲಿವರ್ ಮೆತ್ತಗಾಗುತ್ತದೆ. ಅರ್ಧ ಗಂಟೆ ಬಿಟ್ಟು ತಣ್ಣಗಾದ ಮೇಲೆ ಹಿಡಿದು ನೋಡಿ, ಮತ್ತೆ ಗಟ್ಟಿ! “ಸರಿಯಾಯ್ತಲ್ಲ” ಎಂದು ಹೊರಡುತ್ತೇವೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಎಂದು ಹೆಚ್ಚಿನ ಬೈಕುಗಳ ಪುಸ್ತಕದಲ್ಲೇ ಬರೆದಿರುತ್ತದೆ. ಆ ಪುಸ್ತಕ ಇರುವುದು ಸೀಟಿನ ಕೆಳಗೆ.

ದೋಷ ಹುಡುಕುವುದು ಕಷ್ಟದ ವಿದ್ಯೆಯೂ ಅಲ್ಲ. ಲಿವರ್ ಸ್ಪಂಜಿನಂತಿದ್ದು ನಾಲ್ಕು ಸಲ ಒತ್ತಿದ ಮೇಲೆ ಗಟ್ಟಿಯಾದರೆ ಒಳಗೆ ಗಾಳಿ ಸೇರಿದೆ. ಕ್ಯಾಲಿಪರಿನ ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಲಿವರ್ ಹಿಡಿದುಕೊಂಡು ನಿಪ್ಪಲ್ ಸಡಿಲಿಸಿ, ಅದನ್ನು ಬಿಗಿ ಮಾಡಿದ ಮೇಲೆಯೇ ಲಿವರ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಇದನ್ನೇ ಮಾಡಬೇಕು, ಮೇಲಿನ ಡಬ್ಬಿ ಖಾಲಿಯಾಗಲು ಬಿಡಬಾರದು. ಲಿವರ್ ಹಿಡಿದೇ ಇದ್ದಾಗ ನಿಧಾನಕ್ಕೆ ಒಳಗೆ ಹೋಗುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಅನುಮಾನ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರಿನ ಮೇಲೆ. ಬ್ರೇಕ್ ಬಿಟ್ಟರೂ ಚಕ್ರ ಬಿಗಿಯಾಗಿದ್ದರೆ ಕ್ಯಾಲಿಪರಿನ ಪಿಸ್ಟನ್ ಕೊಳೆಯಿಂದ ಅಂಟಿದೆ, ಇಲ್ಲವೇ ಆಯಿಲ್ ವಾಪಸ್ ಬರುವ ಸೂಜಿಮೊನೆಯಷ್ಟು ತೂತು ಕಟ್ಟಿಕೊಂಡಿದೆ. ಡಬ್ಬಿಯಲ್ಲಿ ಆಯಿಲ್ ಇಳಿದಿದ್ದರೆ ಒಂದೋ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಮೇಲೆ ಒಂದಿಷ್ಟು ಸುರಿದು ಮುಚ್ಚಿದರೆ ಎರಡೂ ಮುಚ್ಚಿಹೋಗುತ್ತವೆ. ಎಂಜಿನ್ ಆಯಿಲ್, ಪೆಟ್ರೋಲ್ ಅದರ ಹತ್ತಿರವೂ ಸುಳಿಯಬಾರದು, ರಬ್ಬರ್ ಉಬ್ಬಿ ಹಾಳಾಗುತ್ತದೆ. ಇಷ್ಟರಲ್ಲಿ ಹೊಸ ಲಿವರಿನಿಂದ ಸರಿಹೋಗುವುದು ಒಂದಾದರೂ ಇದೆಯೇ?

ಹಾಗಾದರೆ ಲಿವರ್ ಯಾಕೆ ಬದಲಾಯಿಸಿದರು? ಮೆಕ್ಯಾನಿಕ್‌ಗಳನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಜೇಬಿನ ಬುದ್ಧಿಯನ್ನೂ ನೋಡಿಕೊಳ್ಳೋಣ. ಡಬ್ಬಿಯ ಮೇಲೆ ಬೆಲೆ ಅಚ್ಚಾಗಿರುವ ಪಾರ್ಟಿಗೆ ನಾವು ಚೌಕಾಸಿ ಮಾಡುವುದಿಲ್ಲ. ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು ಗಾಳಿ ತೆಗೆದವನ ಕೂಲಿಗೆ “ಅಷ್ಟಕ್ಕೇ ಇಷ್ಟಾ?” ಎನ್ನುತ್ತೇವೆ. ಕೆಲಸಕ್ಕೆ ಬೆಲೆ ಇಲ್ಲದ ಕಡೆ ಪಾರ್ಟ್ ಮಾರಾಟವಾಗುತ್ತದೆ. ದೊಡ್ಡ ಸರ್ವೀಸ್ ಸೆಂಟರುಗಳಲ್ಲೂ ಇದೇ ಲೆಕ್ಕ, ಬಿಲ್ಲು ಮಾತ್ರ ಕಂಪ್ಯೂಟರಿನದು.

“ಈಗ ಎಬಿಎಸ್ ಬಂದಿದೆಯಲ್ಲ” ಎನ್ನುವವರಿದ್ದಾರೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ ನಿಜ. ಅದಕ್ಕೂ ಮೊದಲಿನ ಬೈಕುಗಳು ನಮ್ಮ ಹಳ್ಳಿಗಳಲ್ಲಿ ಹಾಲು, ಹುಲ್ಲು, ಗ್ಯಾಸ್ ಸಿಲಿಂಡರ್ ಹೊತ್ತು ಇನ್ನೂ ಓಡುತ್ತಿವೆ. ಎಬಿಎಸ್ ಇದ್ದರೂ ಒಳಗೆ ಹರಿಯುವುದು ಅದೇ ಆಯಿಲ್. ಅದು ಕುದಿದರೆ ಎಬಿಎಸ್ ಏನೂ ಮಾಡಲಾರದು.

ಇನ್ನು ನಮ್ಮ ಕಸುಬಿನ ಮಾತು. ಅಪಘಾತವಾದ ವಾಹನವನ್ನು ಪರಿಶೀಲಿಸಲು 1988ರ ಮೋಟಾರು ವಾಹನ ಕಾಯ್ದೆಯ 136ನೇ ಕಲಂನಲ್ಲಿ ಅವಕಾಶವಿದೆ. ಮೋಟಾರು ವಾಹನ ನಿರೀಕ್ಷಕರು ನೋಡಿ ಪೊಲೀಸರಿಗೆ ವರದಿ ಕೊಡುತ್ತಾರೆ. ನಮ್ಮಲ್ಲಿ ಎಷ್ಟು ಮಂದಿ ಆ ವರದಿಯಲ್ಲಿ ಏನಿದೆ ಎಂದು ಕೇಳಿದ್ದೇವೆ? ಆಯಿಲ್ ಇತ್ತೇ, ಪೈಪು ಸೋರುತ್ತಿತ್ತೇ, ಪ್ಯಾಡ್ ಎಷ್ಟು ಉಳಿದಿತ್ತು, ಕೊನೆಯ ಸರ್ವೀಸ್ ಯಾವಾಗ? ನಾಲ್ಕು ಪ್ರಶ್ನೆ, ಒಂದು ಫೋನ್ ಕರೆ. ಬರೆಯುವ ಹೊತ್ತಿಗೆ ವರದಿ ಬಂದಿರದಿದ್ದರೆ ‘ಕಾರಣ ತಿಳಿದಿಲ್ಲ’ ಎಂದೇ ಬರೆಯೋಣ, ವಾರ ಬಿಟ್ಟು ಮತ್ತೆ ಕೇಳೋಣ. ‘ಬ್ರೇಕ್ ಫೇಲ್’ ಎಂದು ಬರೆದರೆ ಸಾವು ಹಣೆಬರಹದ ಖಾತೆಗೆ ಹೋಗುತ್ತದೆ, ಆಯಿಲ್ ಬದಲಾಯಿಸದವರು ಯಾರೂ ಉತ್ತರ ಕೊಡಬೇಕಾಗಿಲ್ಲ. ಸತ್ತವರ ಮನೆಯ ಇನ್ನೊಂದು ಬೈಕಿನಲ್ಲೂ ಅದೇ ಡಿಕಾಕ್ಷನ್ ಉಳಿಯುತ್ತದೆ.

ನಮ್ಮ ಗುಂಪಿನಲ್ಲಿ ಒಂಬತ್ತು ಬೈಕುಗಳಿವೆ. ಘಾಟಿಯ ಘಟನೆ ಆದ ವಾರ ಒಂಬತ್ತರ ಮುಚ್ಚಳವನ್ನೂ ತೆಗೆಸಿದೆವು. ಏಳರಲ್ಲಿ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು. ಇವು ರಸ್ತೆ ಸುರಕ್ಷತೆಯ ಬಗ್ಗೆ ಲೇಖನ ಬರೆಯುವವರ ಬೈಕುಗಳು. ನಿಮ್ಮದನ್ನೂ ಈ ಭಾನುವಾರ ನೋಡಿ. ಹ್ಯಾಂಡಲ್ ಮೇಲಿನ ಡಬ್ಬಿಗೆ ಸಣ್ಣ ಗಾಜಿನ ಕಿಟಕಿ ಇರುತ್ತದೆ, ಬಣ್ಣ ತಿಳಿಯಲು ಅಷ್ಟು ಸಾಕು.